ಹಿರಿಮಗನ ಸರದಿ

ಡಿಸೆಂಬರ್ ಬಂತೆಂದರೆ ಕಿಸುಮು ಪಟ್ಟಣದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ದುಡಿದವರು ಸಕ್ಕರೆ, ಬ್ರೆಡ್ಡು, ಅಡುಗೆ ಎಣ್ಣೆ, ಅಮ್ಮನಿಗೊಂದು ಹೊಸ ಲೆಸೊ ಬಟ್ಟೆ ಎಲ್ಲ ಗಂಟು ಕಟ್ಟಿಕೊಂಡು ಹಬ್ಬಕ್ಕೆ ಊರಿಗೆ ಹೊರಡುತ್ತಾರೆ. ಅದೇ ತಿಂಗಳು ಅಪೊಂಡಿಯ ಫೋನಿಗೂ ಬಿಡುವಿರುವುದಿಲ್ಲ.

ಅಪೊಂಡಿ ಆಪ್ತಸಮಾಲೋಚಕಿ. ಮೀನುಬಲೆ ಮಾರುವ ಅಂಗಡಿಯ ಮಹಡಿಯ ಮೇಲೆ ಅವಳದೊಂದು ಕೋಣೆ. ಗಂಡನ್ನೇ ಪ್ರೀತಿಸುವ ಗಂಡಸರು, ಹೆಣ್ಣನ್ನೇ ಪ್ರೀತಿಸುವ ಹೆಂಗಸರು, ಹುಟ್ಟಿದ ಮೈಯಲ್ಲಿ ನೆಮ್ಮದಿ ಕಾಣದವರು ಆ ಮೆಟ್ಟಿಲು ಹತ್ತಿ ಬರುತ್ತಿದ್ದರು. ದೊಡ್ಡ ಮಳೆಗಾಲದಲ್ಲಿ ಒಂಟಿತನದ ಮಾತು ಹೆಚ್ಚು, ಆಗಸ್ಟಿನಲ್ಲಿ ಊರ ಮದುವೆಗಳ ಕಿರಿಕಿರಿ. ಡಿಸೆಂಬರಿನಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು: ಊರಿಗೆ ಹೋದರೆ ವಾಪಸು ಬಿಡುತ್ತಾರೋ ಇಲ್ಲವೋ. ಹೋಗಬೇಡಿ ಎಂದು ಹೇಳುವುದು ಸುಲಭ. ಅಮ್ಮನ ಮುಖ ನೋಡಬೇಡ ಎಂದು ಯಾರಿಗೆ ತಾನೇ ಹೇಳಲಾದೀತು? ಆದರೂ ಅವಳು ಕೆಲವರಿಗೆ ಹೇಳುತ್ತಿದ್ದಳು. ಒಚೋಲನಿಗೂ ಹೇಳಿದ್ದಳು.

ಒಚೋಲ ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ನಗುಮುಖದವನು, ಯಾರ ಗೋಜಿಗೂ ಹೋಗದವನು. ವಫುಲಾ ಎಂಬವನೊಡನೆ ಕೆಲವು ವರ್ಷಗಳಿಂದ ಒಂದೇ ಮನೆಯಲ್ಲಿ ಬಾಳುತ್ತಿದ್ದ. ಬಾಡಿಗೆ ಉಳಿಸಲು ಇಬ್ಬರು ಗೆಳೆಯರು ಕೂಡಿದ್ದಾರೆ ಎಂದು ನೆರೆಹೊರೆ ನಂಬಿತ್ತು. ಅವನಿಗಿದ್ದ ಒಂದೇ ಒಂದು ಕಷ್ಟವೆಂದರೆ ಅವನು ಊರಿನಲ್ಲಿದ್ದ ರಾಂದಿಕಿ ಎಂಬವನ ಹಿರಿಮಗನಾಗಿ ಹುಟ್ಟಿದ್ದು.

ಯಾಲಾ ಹೊಳೆಯ ಆಚೆಗಿದ್ದ ಅವನ ಊರಿನ ಮನೆಗಳಲ್ಲಿ ಮದುವೆಗೊಂದು ಸರದಿಯಿದೆ. ಹಿರಿಯವನು ಹೆಂಡತಿಯನ್ನು ತರಬೇಕು, ಆಮೇಲೆ ಎರಡನೆಯವನು, ಆಮೇಲೆ ಮೂರನೆಯವನು. ಹಿಂದಿನವನು ಮುಂದೆ ದಾಟಿದರೆ ಮನೆಗೆ ಚಿರಾ ಎಂಬ ಶಾಪ ಬಡಿದು ಹುಟ್ಟಿದ ಕೂಸುಗಳು ಸೊರಗಿ ಸಾಯುತ್ತವೆಂದು ಹಿರಿಯರು ಹೇಳುತ್ತಾರೆ. ರಾಂದಿಕಿಯ ಹೆಬ್ಬಾಗಿಲ ಬಲಗಡೆ ಹಿರಿಮಗನಿಗೆಂದು ಕಟ್ಟಿದ ಒಚೋಲನ ಗುಡಿಸಲು ಹೆಣ್ಣಿಲ್ಲದೆ ಖಾಲಿ ನಿಂತಿತ್ತು. ಎಡಗಡೆ ಎರಡನೆಯವನಾದ ಮಗಾಕನದು. ಅವನು ಕಟ್ಟಿಕೊಳ್ಳಬೇಕಿದ್ದ ಲಿಲಿಯನ್ ಆಗಲೇ ಒಂದು ಕೂಸನ್ನು ಹೆತ್ತು ತವರಿನಲ್ಲೇ ಕೂತಿದ್ದಳು. ಮೂರನೆಯವನಾದ ಜೂಮಾನಿಗೂ ಹುಡುಗಿ ಗೊತ್ತಾಗಿದ್ದಳು. ಅಡ್ಡ ನಿಂತವನು ಒಚೋಲನೊಬ್ಬನೇ ಎಂದು ಅವನ ತಾಯಿ ದೊರ್ಕಾ ಫೋನಿನಲ್ಲಿ ಅಳುತ್ತಿದ್ದಳು.

ಒಚೋಲ ಕೊನೆಗೆ ತಂದೆತಾಯಿಗೆ ನಿಜ ಹೇಳಿಬಿಟ್ಟ. ತನ್ನ ಬಗ್ಗೆ ಅವರೊಡನೆ ಮಾತಾಡಿ ಎಂದು ಅಪೊಂಡಿಯನ್ನೂ ಬೇಡಿಕೊಂಡ. ಹೀಗೆ ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಗಂಡಹೆಂಡತಿ ಮೆಟ್ಟಿಲು ಹತ್ತಿ ಬಂದರು. ರಾಂದಿಕಿ ಕೋಟು ತೊಟ್ಟು ಊರುಗೋಲು ಹಿಡಿದಿದ್ದ. ಇದಕ್ಕೆ ಸೂಜಿಯೋ ಮಾತ್ರೆಯೋ ಏನಿದೆ ಎಂದು ಕೂರುವ ಮೊದಲೇ ಕೇಳಿದ. ಇದು ಕಾಯಿಲೆಯಲ್ಲ, ನಿಮ್ಮ ಮಗ ಹುಟ್ಟಿದ್ದೇ ಹೀಗೆ, ಅವನಲ್ಲಿ ಕೆಟ್ಟಿರುವುದು ಏನೂ ಇಲ್ಲ ಎಂದು ಅಪೊಂಡಿ ಸಮಾಧಾನವಾಗಿ ತಿಳಿಸಿದಳು.

"ನೋಡು ಅಸೆಂಬೋ ಮಗಳೇ," ಎಂದ ರಾಂದಿಕಿ, ಅವಳ ತವರೂರಿನ ಹೆಸರು ಹಿಡಿದು. "ನಿನ್ನ ಓದು ನಿನಗಿರಲಿ. ಹಿರಿಯವನನ್ನ ದಾಟಿ ಕಿರಿಯವನು ಹೆಂಡ್ತಿ ತಂದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ."

"ಸರಿ ಅಪ್ಪಾ, ನಿಮ್ಮ ಕಟ್ಟಲೆ ಪ್ರಕಾರವೇ ಮಾತಾಡೋಣ. ಒಚೋಲ ತಾನಾಗೇ ಪಕ್ಕಕ್ಕೆ ಸರೀತೀನಿ ಅಂತಿದ್ದಾನೆ. ತಮ್ಮನ ತಲೆ ಮೇಲೆ ಕೈಯಿಟ್ಟು ಹರಸಿ ದಾರಿ ಬಿಡ್ತಾನೆ. ಹಿಂದೆ ಹಾಗೆ ಬಿಟ್ಟವರು ಇಲ್ವಾ?"

"ಇದ್ದಾರೆ. ಕುಂಟರು, ಬುದ್ಧಿ ಇಲ್ಲದವರು ಬಿಟ್ಟಿದ್ದಾರೆ. ಇವನು ಮೇಷ್ಟ್ರು. ಯಾಕೆ ಬಿಟ್ಟ ಅಂತ ಊರು ಕೇಳುತ್ತೆ. ನಾನೇನು ಹೇಳಲಿ?"

ಅವನು ಹೆದರಿದ್ದು ಶಾಪಕ್ಕಲ್ಲ, ಪಕ್ಕದ ಮನೆಯವರ ಬಾಯಿಗೆ. ಅದು ಅಪೊಂಡಿಗೆ ಆಗಲೇ ಹೊಳೆಯಿತು. ಶಾಪಕ್ಕಾದರೆ ಅವನ ಬಳಿಯೇ ಪರಿಹಾರವಿತ್ತು. ಊರ ಬಾಯಿಗೆ ಪರಿಹಾರವಿರಲಿಲ್ಲ. ನಿಮಗೆ ಮಾನ ದೊಡ್ಡದೋ ಮಗನ ಜೀವ ದೊಡ್ಡದೋ ಎಂದು ಅವಳು ಕೇಳಿದ್ದಕ್ಕೆ ಅವನು ಎದ್ದು ಟೋಪಿ ಹಾಕಿಕೊಂಡ. ದೊರ್ಕಾ ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು.

ಆ ಊರಿನ ಹತ್ತಿರ ಒಬ್ಬಳು ಹೆಂಗಸು ದೆವ್ವ ಬಿಡಿಸುವ ಪ್ರಾರ್ಥನಾಮಂದಿರ ನಡೆಸುತ್ತಿದ್ದಳು. ಅವಳ ಹೆಸರು ಈ ಕಥೆಯಲ್ಲಿ ಬರುವುದಿಲ್ಲ, ಅಷ್ಟು ಮರ್ಯಾದೆಯೂ ಅವಳಿಗೆ ಸಲ್ಲದು. ಕೈಕಟ್ಟಿ ಕೂಡಿಹಾಕಿ, ಅನ್ನ ನೀರು ಕೊಡದೆ, ತಮಟೆ ಬಡಿದು ಬಡಿದು ಮೈಯೊಳಗಿನದನ್ನು ಓಡಿಸುವುದು ಅವಳ ವಿದ್ಯೆ. ಮನೆಯವರೇ ಮಕ್ಕಳನ್ನು ತಂದೊಪ್ಪಿಸುತ್ತಾರೆ, ಮೇಲೆ ಕೋಳಿಯನ್ನೂ ಕೊಡುತ್ತಾರೆ. ಅಮ್ಮನಿಗೆ ಹುಷಾರಿಲ್ಲ ಎಂಬ ಫೋನು ನಂಬಿ ಊರಿಗೆ ಹೋದ ಒಚೋಲನನ್ನು ರಾಂದಿಕಿ ಅಲ್ಲಿಗೆ ಒಯ್ದು ಬಿಟ್ಟುಬಂದ.

ಸುದ್ದಿ ತಿಳಿದ ವಫುಲಾ ಏದುಸಿರು ಬಿಡುತ್ತ ಅಪೊಂಡಿಯ ಬಳಿ ಬಂದ. ಇಬ್ಬರೂ ಆ ಮಂದಿರದ ಬಾಗಿಲವರೆಗೆ ಹೋದರು, ಒಳಗೆ ಬಿಡಲಿಲ್ಲ. ಅಲ್ಲಿಂದ ಪೊಲೀಸ್ ಠಾಣೆಗೆ ಹೋದರು. ಮೇಜಿನ ಹಿಂದಿದ್ದವನು ಎಲ್ಲ ಕೇಳಿ, ಅವನು ನಿನಗೇನಾಗಬೇಕು ಎಂದು ವಫುಲಾನನ್ನು ಕೇಳಿದ. ನಿಜ ಹೇಳಿದರೆ ಆ ದೇಶದ ಕಾನೂನಿನಲ್ಲಿ ಮೊದಲು ಒಳಗೆ ಹೋಗಬೇಕಾದವನು ಅವನೇ. ಗೆಳೆಯ ಎಂದ. ಗೆಳೆಯನ ದೂರು ಬೇಡ, ಹೆತ್ತಪ್ಪನೇ ಬಿಟ್ಟಿದ್ದಾನಲ್ಲ ಎಂದು ಪೊಲೀಸಿನವನು ಇಬ್ಬರನ್ನೂ ಹೊರಗೆ ಕಳಿಸಿದ. ಅಪೊಂಡಿ ಮತ್ತಾರಾರಿಗೋ ಫೋನು ಮಾಡಿದಳು, ಕೂಗಾಡಿದಳು, ಬೇಡಿದಳು. ಎಲ್ಲರೂ ಹಬ್ಬಕ್ಕೆ ಊರಿಗೆ ಹೋಗಿದ್ದರು.

ಕ್ರಿಸ್‌ಮಸ್ಸಿಗೆ ಮುಂಚೆಯೇ ಒಚೋಲ ತೀರಿಕೊಂಡ. ಮಲೇರಿಯಾ ಎಂದು ರಾಂದಿಕಿ ಎಲ್ಲರಿಗೂ ಹೇಳಿದ.

ಶವಾಗಾರದಿಂದ ಮಗಾಕ್ ನೇರ ಅಪೊಂಡಿಯ ಕೋಣೆಗೆ ಬಂದ. ಅಣ್ಣನ ಮಣಿಕಟ್ಟಿನಲ್ಲಿ ಹಗ್ಗದ ಗುರುತು, ಒಡೆದು ಹೋದ ತುಟಿ ಅವನು ಕಂಡಿದ್ದ. ಅಣ್ಣ ನಿಮಗೆ ಏನೇನು ಹೇಳಿಕೊಂಡಿದ್ದನೋ ಎಲ್ಲ ಬರೆದುಕೊಡಿ, ಊರ ಮುಂದೆ ಓದಿಬಿಡುತ್ತೇನೆ ಎಂದ. ಆ ಮುದುಕನ ಕುತ್ತಿಗೆ ಹಿಡಿದು ಕೇಳಬೇಕೆಂದು ಎಷ್ಟು ಸಲ ಅನ್ನಿಸಿತ್ತೋ ಅಪೊಂಡಿಗೇ ಗೊತ್ತು. ಆದರೂ ಅವಳು ಆಗದು ಎಂದು ತಲೆಯಾಡಿಸಿದಳು.

"ಅವನು ನನ್ನ ಹತ್ತಿರ ಹೇಳಿದ್ದು ಅವನದು, ಮಗಾಕ್. ಅದು ಅವನ ಜೊತೆಗೇ ಹೋಗುತ್ತೆ. ಆದ್ರೆ ನೀನು ಕಣ್ಣಲ್ಲಿ ಕಂಡಿದ್ದು ನಿಂದು. ಅದನ್ನ ಹೇಳಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ, ನನಗೂ ಇಲ್ಲ."

"ಹೇಳಿದ್ರೆ ಅವರಿಗೆ ನಾಟುತ್ತಾ?"

"ಬರೀ ಬೈದ್ರೆ ನಾಟಲ್ಲ. ಅವರಿಗೆ ಯಾವುದು ಎಲ್ಲಕ್ಕಿಂತ ದೊಡ್ಡದೋ ಯೋಚನೆ ಮಾಡು," ಎಂದಳು. ಸಮಾಲೋಚಕಿಯಾದವಳು ಆಡಬೇಕಾದ ಮಾತು ಅದಾಗಿರಲಿಲ್ಲ. ಅದು ಅವಳಿಗೆ ತಿಳಿದೇ ಇತ್ತು, ಬೇಸರವೂ ಆಗಲಿಲ್ಲ.

ಮಣ್ಣು ಮಾಡುವ ದಿನ ರಾಂದಿಕಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಿತ್ತಲಲ್ಲಿ ದನದ ಮಾಂಸ ಬೇಯುತ್ತಿತ್ತು, ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ತೊಳಸುತ್ತಿದ್ದರು. ಒಚೋಲನ ಗುಡಿಸಲ ಮುಂದೆ ಗುಂಡಿ ತೋಡಿದ್ದರು. ಅಲ್ಲಿಯ ರೂಢಿಯಂತೆ ಶವಪೆಟ್ಟಿಗೆಯನ್ನು ನಡುವೆ ಇಟ್ಟು ಒಬ್ಬೊಬ್ಬರೇ ಮೈಕು ಹಿಡಿದು ಸತ್ತವನನ್ನು ಹೊಗಳಿದರು. ಹೆಡ್‌ಮಾಸ್ಟರು ಬಂದು ಎಂಥ ಶಿಸ್ತಿನ ಮೇಷ್ಟ್ರು ಎಂದರು. ಹೆಂಡತಿಯಾಗಿದ್ದರೆ ಪೆಟ್ಟಿಗೆಯ ಪಕ್ಕ ಕೂತು ಅಳಬಹುದಿತ್ತು. ವಫುಲಾ ಎಲ್ಲರ ಹಿಂದೆ, ಕುರ್ಚಿ ಜೋಡಿಸುವವರ ಜೊತೆ ನಿಂತಿದ್ದ. ಅಪೊಂಡಿ ಹೋಗಿ ಅವನ ಪಕ್ಕದಲ್ಲೇ ನಿಂತಳು.

ಆಮೇಲೆ ರಾಂದಿಕಿಯ ಕಡೆಯ ಹಿರಿಯನೊಬ್ಬ ಎದ್ದ. ದುಃಖದ ನಡುವೆಯೂ ಮನೆ ನಿಲ್ಲಬಾರದು, ದಾರಿ ಈಗ ತೆರೆದಿದೆ, ಬೆಳೆ ಕೊಯ್ಲಾದ ಮೇಲೆ ಮಗಾಕ್ ತನ್ನವಳನ್ನು ಮನೆ ತುಂಬಿಸಿಕೊಳ್ಳುತ್ತಾನೆ, ಅವನ ಹಿಂದೆಯೇ ಜೂಮಾ ಎಂದ. ಜನ ತಲೆದೂಗಿದರು. ಹೆಣ ಇನ್ನೂ ಮಣ್ಣು ಕಂಡಿರಲಿಲ್ಲ. ದಾರಿ ತೆರೆದಿದೆಯಂತೆ! ಯಾವುದರಿಂದ ತೆರೆದಿದೆ ಎಂದು ಆ ನಾಲಗೆಗೆ ಹೊಳೆಯಲೇ ಇಲ್ಲ.

ಮಗಾಕ್ ಎದ್ದು ಮೈಕು ಇಸಿದುಕೊಂಡ.

"ಇವತ್ತಿನಿಂದ ಈ ಮನೆಗೆ ನಾನೇ ಹಿರಿಮಗ. ಹೌದು ತಾನೇ?"

ಹಿರಿಯರು ಹೌದೆಂದರು.

"ಹಿರಿಯವನು ಹೆಂಡ್ತಿ ತರದೆ ಕಿರಿಯವರು ತರೋ ಹಾಗಿಲ್ಲ. ಅದೂ ಹೌದು ತಾನೇ?"

ಅದಕ್ಕೂ ತಲೆಯಾಡಿಸಿದರು.

"ಹಾಗಾದ್ರೆ ಕೇಳಿ. ನಾನು ತರಲ್ಲ. ಲಿಲಿಯನ್ ಜೊತೆ ಪಟ್ಟಣದಲ್ಲಿ ಬಾಳ್ತೀನಿ, ಅವಳನ್ನ ಈ ಹೆಬ್ಬಾಗಿಲು ದಾಟಿಸಲ್ಲ. ನನ್ನ ಕೂಸನ್ನ ಈ ಅಂಗಳದಲ್ಲಿ ಕೆಳಗೆ ಇಳಿಸಲ್ಲ. ನಾನು ತರೋ ತನಕ ಜೂಮಾನೂ ತರೋ ಹಾಗಿಲ್ಲ, ಅದು ನಿಮ್ಮ ಕಟ್ಟಲೆ. ನಮ್ಮಣ್ಣನ್ನ ಯಾವ ಕಟ್ಟಲೆಯಲ್ಲಿ ಕಟ್ಟಿ ಕೊಂದ್ರೋ ಅದೇ ಕಟ್ಟಲೆಯಲ್ಲಿ ನಿಮ್ಮನ್ನ ಕಟ್ಟಿ ಹಾಕ್ತೀನಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಜೂಮಾ ಏನು ತಪ್ಪು ಮಾಡಿದ, ಅವನ ಬಾಳು ಯಾಕೆ ಹಾಳು ಮಾಡುತ್ತೀಯ ಎಂದು ಆ ಹಿರಿಯ ಗದರಿದ.

"ಒಚೋಲ ಏನು ತಪ್ಪು ಮಾಡಿದ್ದ?" ಎಂದ ಮಗಾಕ್.

ಜೂಮಾ ಕೂತಲ್ಲಿಂದ ಎದ್ದು ಬಂದು ಅಣ್ಣನ ಪಕ್ಕದಲ್ಲಿ ನಿಂತ. ಅವನ ಮುಖದಲ್ಲಿ ಸಂಕಟವಿತ್ತು, ಆದರೂ ನಿಂತ. ಅಪೊಂಡಿಯ ಎದೆ ತಣ್ಣಗಾಯಿತು. ಹಗೆ ತೀರುವಾಗ ಇಷ್ಟು ಸುಖವಾಗುತ್ತದೆಂದು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಎಲ್ಲಿಯವರೆಗೆ ಈ ಹಟ ಎಂದು ರಾಂದಿಕಿ ಕುರ್ಚಿಯಿಂದಲೇ ಕೇಳಿದ.

"ಅಣ್ಣ ಮಲೇರಿಯಾದಲ್ಲಿ ಸತ್ತ ಅಂತ ಊರಿಗೆಲ್ಲ ಹೇಳಿದ್ರಲ್ಲ ಅಪ್ಪಾ. ಹೇಗೆ ಸತ್ತ ಅಂತ ಇದೇ ಜನರ ಮುಂದೆ ನೀವೇ ಹೇಳೋ ತನಕ. ನೀವು ಹೇಳದೇ ಸತ್ರೆ ಈ ಮನೆ ನಿಮಗೇ ಕೊನೆ."

ರಾಂದಿಕಿ ತುಟಿ ಬಿಗಿದು ನೆಲ ನೋಡಿದ. ಆಗ ಅದುವರೆಗೆ ಗೋಳಿಡುತ್ತಿದ್ದ ದೊರ್ಕಾ ಅಳು ನಿಲ್ಲಿಸಿದಳು. ನಿಧಾನವಾಗಿ ಎದ್ದು ಮಗನ ಕೈಯಿಂದ ಮೈಕು ತೆಗೆದುಕೊಂಡು ಗಂಡನ ಬಾಯಿಯ ಮುಂದೆ ಹಿಡಿದಳು. ಅವನು ತಳ್ಳಿದ. ಅವಳು ಮತ್ತೆ ಹಿಡಿದಳು. ಇಷ್ಟು ವರ್ಷ ಅವನ ಮುಖ ನೋಡಿ ಮಾತು ನುಂಗಿದವಳು ಈಗ ಅದೇ ಮುಖವನ್ನು ನೋಡುತ್ತ ನಿಂತೇ ಇದ್ದಳು.

ರಾಂದಿಕಿ ತಲೆಯೆತ್ತಿ ಸುತ್ತ ನೋಡಿದ. ಹಿರಿಯರು ಬೇರೆ ಕಡೆ ತಿರುಗಿದ್ದರು. ಎಲ್ಲರ ಹಿಂದಿದ್ದ ಅಪೊಂಡಿಯ ಮೇಲೆ ಅವನ ಕಣ್ಣು ನಿಂತಿತು. ಮಾತು ಹೊರಡದೆ ಒದ್ದಾಡುವವರನ್ನು ಅವಳು ದಿನವೂ ಕಾಣುತ್ತಿದ್ದಳು. ಅವರಿಗೆ ಮೊದಲ ಪದ ಎತ್ತಿಕೊಡುವುದೇ ಅವಳ ಕೆಲಸ. ಅವಳು ಕೈಕಟ್ಟಿ ನಿಂತು ಅವನನ್ನೇ ನೋಡಿದಳು, ಏನನ್ನೂ ಎತ್ತಿಕೊಡಲಿಲ್ಲ.

ಪಾತ್ರೆಗಳ ಸದ್ದೂ ನಿಂತಿತು.

"ಬಿಟ್ಟು ಬಂದವನು ಮಾರನೇ ದಿನ ನೋಡೋಕೆ ಹೋಗಿದ್ದೆ," ಎಂದ ರಾಂದಿಕಿ. ದೊರ್ಕಾಳಿಗೂ ಅದು ಗೊತ್ತಿರಲಿಲ್ಲ. "ಅಪ್ಪಾ, ನೀರು ಕೊಡು ಅಂದ. ಅಲ್ಲೇ ಕೊಡ ಇತ್ತು. ನಾನು ಕೊಡಲಿಲ್ಲ."