ಅನುರಾಧಾ ಜಡಿದ ಪಾಸ್‌ವರ್ಡ್

ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಧರ್ಮರಾಜನ ಲಗ್ನಪತ್ರಿಕೆಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬೋರ್ಡಿನ ಮೇಲೆ ಹೆಸರು ಅವನದು. ಒಳಗೆ ಕಂಪ್ಯೂಟರಿನ ಮುಂದೆ ಕೂತು ಗಣಪತಿಯನ್ನು ಮೇಲೆ, ವಧೂವರರನ್ನು ನಡುವೆ, ಸೋದರಮಾವಂದಿರನ್ನು ಕೆಳಗೆ ಕೂಡಿಸುವವಳು ಹೆಂಡತಿ ಅನುರಾಧಾ. ಮದುವೆಗೆ ಮುಂಚೆ ಇಳಕಲ್ಲಿನಲ್ಲಿ ಎರಡು ವರ್ಷ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದವಳು. ಆ ಸಂಗತಿ ಧರ್ಮರಾಜನಿಗೆ ಗೊತ್ತಿತ್ತು, ಬೇಕಾದಾಗ ನೆನಪಿಗೆ ಬರುತ್ತಿರಲಿಲ್ಲ ಅಷ್ಟೇ.

ಕಂಪ್ಯೂಟರ್ ನಿಧಾನವಾಗಿದೆ ಎಂದು ಅವನ ತಕರಾರು. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದ. ಬಾಗಲಕೋಟೆಗೆ ಹೋಗಿ ಅಂಗೈಯಗಲದ ಒಂದು ಡ್ರೈವ್ ತಂದು, ಅದರಲ್ಲಿ ಹೊಸ ವಿಂಡೋಸ್ ತುಂಬಿಸಿದ.

“ಇದರಿಂದ ಚಾಲೂ ಮಾಡಿ ಹಳೇದೆಲ್ಲಾ ಒರಸಿ ಒಗೀತೇನಿ. ಹೊಸಾ ಮಷೀನ್ ಆದಂಗ ಆಗತೈತಿ ನೋಡು.”

“ಹಳೇದರಾಗ ಎಂಟು ವರ್ಷದ ಪತ್ರಿಕಿ ಅದಾವ್ರಿ. ಮೊದಲ ಅವನ್ನ ಎಲ್ಲೆರೆ ಕಾಪಿ ಮಾಡಿ ಇಡೂಣು.”

“ಆಗಿ ಹೋದ ಲಗ್ನದ ಪತ್ರಿಕಿ ಯಾರಿಗೆ ಬೇಕು? ನಿನಗ ಇದೆಲ್ಲಾ ತಿಳಿಯೂದಿಲ್ಲ.”

ಅವನು ಊಟಕ್ಕೆ ಎದ್ದು ಹೋದಾಗ ಅನುರಾಧಾ ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ವಿಂಡೋಸ್ ಬರುವ ಮೊದಲೇ ಒಂದು ಗುಂಡಿ ಒತ್ತಿ ಅದರ ಹೊಟ್ಟೆಯೊಳಗಿನ ಸೆಟಿಂಗಿಗೆ ಇಳಿದಳು. ಹೊರಗಿನ ಡ್ರೈವಿನಿಂದ ಶುರುವಾಗುವುದನ್ನು ಬಂದ್ ಮಾಡಿದಳು. ಅದನ್ನು ಮತ್ತೊಬ್ಬರು ತಿದ್ದದಂತೆ ಪಾಸ್‌ವರ್ಡ್ ಜಡಿದಳು. ಅವನು ತೇಗುತ್ತ ಬರುವ ಹೊತ್ತಿಗೆ ಯಾರದೋ ಸೋದರಮಾವನ ಹೆಸರಿನ ಕಾಗುಣಿತ ತಿದ್ದುತ್ತಿದ್ದಳು.

ಧರ್ಮರಾಜ ಡ್ರೈವ್ ಚುಚ್ಚಿ ಕಂಪ್ಯೂಟರ್ ಹಚ್ಚಿದ. ಹಳೆಯ ವಿಂಡೋಸೇ ಬಂತು. ಇನ್ನೊಮ್ಮೆ ಹಚ್ಚಿದ, ಮತ್ತೆ ಅದೇ. ವೈರು ಬದಲಿಸಿದ. ಹಿಂದಿನ ತೂತು, ಮುಂದಿನ ತೂತು ಎಲ್ಲಾ ಆಯಿತು. ಡ್ರೈವನ್ನು ಊದಿದ, ಅಂಗಿಗೆ ಒರೆಸಿದ. ಎರಡನೆಯ ದಿನ ಡ್ರೈವಿಗೆ ಹೊಸ ವಿಂಡೋಸನ್ನು ಮೊದಲಿನಿಂದ ತುಂಬಿದ. ಕರೆಂಟ್ ಸಾಲದೆಂದು ಫ್ಯಾನ್ ಆರಿಸಿ ಬೆವರುತ್ತ ಕೂತ. ಅನುರಾಧಾ ಬಗ್ಗಿ ನೋಡಿ ಕಳಕಳಿಯಿಂದ ಕೇಳಿದಳು:

“ಉಲ್ಟಾ ಹಾಕೀರೇನ್ರಿ? ತಿರುವಿ ಹಾಕಿ ನೋಡ್ರಿ.”

ತಿರುವಿ ಹಾಕಿದ. ತೂತಿನಲ್ಲಿ ಹಿಡಿಸಲೇ ಇಲ್ಲ. ಅವಳು ಅಡಿಗೆಮನೆಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು, ನಗು ಮುಗಿದ ಮೇಲೆ ಚಹಾ ತಂದಳು.

ಮೂರನೆಯ ದಿನ ಇಳಕಲ್ಲಿನಿಂದ ರಿಪೇರಿಯ ಅರ್ಷದ ಬಂದ. ಅವನು ಹಿಂದೆ ಅನುರಾಧಾಳ ಕೈಯಲ್ಲೇ ಕಲಿತವನು. “ಆರಾಮ ಅದೀರೇನ್ರಿ ಟೀಚರ್ರ?” ಎನ್ನುತ್ತಲೇ ಒಳಗೆ ಬಂದ. ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಸರಾಗವಾಗಿ ಶುರುವಾಯಿತು.

“ಡ್ರೈವ್ ಛಲೋ ಐತ್ರಿ ಅಣ್ಣಾರ. ತಕರಾರು ಮಷೀನಿಂದು.”

ಗುಂಡಿ ಒತ್ತಿ ಸೆಟಿಂಗಿಗೆ ಹೋಗಹೊರಟ. ಪರದೆಯ ನಡುವೆ ಪಾಸ್‌ವರ್ಡ್ ಕೇಳುವ ಸಣ್ಣ ಚೌಕ ಎದ್ದಿತು.

“ಇದನ್ನ ಯಾರು ಹಾಕ್ಯಾರ್ರಿ?”

ಅರ್ಷದ ಮೆಲ್ಲಗೆ ಟೀಚರ್ ಕಡೆ ನೋಡಿದ. ಟೀಚರ್ ಗೋಡೆಯ ಕ್ಯಾಲೆಂಡರ್ ನೋಡಿದಳು.

“ಗುಳೇದಗುಡ್ಡದ ಕಲ್ಲೇಶಂದ ಈ ಕೆಲಸ,” ಎಂದ ಧರ್ಮರಾಜ. “ಮಷೀನ್ ಕೊಟ್ಟಾಂವ ಅವನ. ರಿಪೇರಿ ತನ್ನ ಕಡೇನ ಬರಲಿ ಅಂತ ಹಾಕ್ಯಾನ.” ಅಷ್ಟರಲ್ಲೇ ಫೋನ್ ಹಚ್ಚಿ, ಆ ಕಡೆಯವನು ಹಲೋ ಅನ್ನುವ ಮೊದಲೇ ಅವನ ಅಂಗಡಿಯನ್ನೂ ಮನೆತನವನ್ನೂ ಜಾಲಾಡಿಸತೊಡಗಿದ. ಕಲ್ಲೇಶ ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ. “ಏನಾತ್ರಿ? ನಾ ಏನ್ ಮಾಡೇನ್ರಿ?” ಎನ್ನುವ ಅವನ ದನಿ ಅನುರಾಧಾಳಿಗೂ ಕೇಳಿಸಿತು. ಮೂರು ದಿನದಿಂದ ಹೊಟ್ಟೆಯಲ್ಲಿ ಕುಣಿಯುತ್ತಿದ್ದ ನಗು ಥಟ್ಟನೆ ನಿಂತಿತು. ಗಂಡನ ಕೈಯಿಂದ ಫೋನ್ ತೆಗೆದುಕೊಂಡು, “ಕಲ್ಲೇಶಣ್ಣಾರ, ನಿಮ್ದೇನು ತಪ್ಪಿಲ್ರಿ. ಇವರು ಆಮ್ಯಾಲೆ ಮಾತಾಡ್ತಾರ,” ಎಂದು ಕಟ್ ಮಾಡಿದಳು.

“ಅವರಲ್ರಿ. ನಾ ಹಾಕೇನಿ.”

ಅರ್ಷದ ಖಾಲಿ ಚಹಾ ಕಪ್ಪನ್ನು ಮತ್ತೊಮ್ಮೆ ಕುಡಿದ.

“ಯಾವಾಗ?”

“ನೀವು ಉಣ್ಣಾಕ ಹೋದಾಗ. ಬಾಯಿಲೆ ಹೇಳಿದೆ, ನೀವು ಕೇಳಲಿಲ್ಲ.”

“ಎರಡು ದಿನ ಫ್ಯಾನ್ ಆರಿಸಿಕೊಂಡು ಕುಂತೀನಿ.”

“ಫ್ಯಾನ್ ಆರಿಸ್ರಿ ಅಂತ ನಾ ಅಂದಿಲ್ಲ.”

“ತಿರುವಿ ಹಾಕ್ರಿ ಅಂದಿ.”

“ಹೌದ್ರಿ, ಅದೊಂದು ಅಂದೇನಿ.”

ಧರ್ಮರಾಜ ಚಪ್ಪಲಿ ಮೆಟ್ಟಿ ಹೊರಟೇ ಹೋದ. ಮೂರನೆಯವರ ಮುಂದೆ ಹೀಗಾಗಬಾರದಿತ್ತು ಎಂದು ಅನುರಾಧಾಳ ಮನಸ್ಸು ಚುರುಕ್ಕೆಂದಿತು. ಅರ್ಷದ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಕೂತ. ಹದಿನೈದು ನಿಮಿಷಕ್ಕೆ ಧರ್ಮರಾಜ ಮರಳಿ ಬಂದ. ಕೈಯಲ್ಲಿ ಚುರುಮುರಿ ಗಿರ್ಮಿಟ್ಟಿನ ಮೂರು ಪೊಟ್ಟಣ, ಮಿರ್ಚಿ ಭಜಿ ಬೇರೆ.

“ಕಾಪಿ ಮಾಡಾಕ ಎಷ್ಟೊತ್ತು ಬೇಕು?” ಎಂದು ಪೊಟ್ಟಣಗಳನ್ನು ಕೇಳಿದ.

“ಎರಡು ತಾಸು,” ಎಂದಳು ಅನುರಾಧಾ.

“ಮಾಡ್ರಿ. ಒರಸೂದು ಮಾತ್ರ ನಾನ.”

ಅರ್ಷದ ಇನ್ನೊಂದು ಡ್ರೈವ್ ತೆಗೆದ. ಎಂಟು ವರ್ಷದ ಮದುವೆಗಳೆಲ್ಲ ಅದರೊಳಗೆ ಹೋಗಿ ಕೂತವು. ಆಮೇಲೆ ಅನುರಾಧಾ ಕೀಬೋರ್ಡ್ ಕಾಣದಂತೆ ಬೆನ್ನು ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿ, ಹೊರಗಿನ ಡ್ರೈವಿಗೆ ದಾರಿ ಬಿಟ್ಟಳು. ಈ ಸಲ ಹೊಸ ವಿಂಡೋಸ್ ಒಂದೇ ಏಟಿಗೆ ಶುರುವಾಯಿತು. ಒರೆಸುವ ಗುಂಡಿಯನ್ನು ಧರ್ಮರಾಜ ರಿಬ್ಬನ್ ಕತ್ತರಿಸುವವರ ಗತ್ತಿನಲ್ಲಿ ಒತ್ತಿದ.

ಸಂಜೆ ಕಲ್ಲೇಶನಿಗೆ ತಾನೇ ಫೋನ್ ಮಾಡಿದ. “ಸಿಟ್ಟಿನಾಗ ಮಾತು ಬಂತು, ಮನಸಿಗೆ ಹಚ್ಕೋಬ್ಯಾಡ್ರಿ. ನಮ್ಮ ಮಷೀನಿಗೆ ನಾವ ಪಾಸ್‌ವರ್ಡ್ ಹಾಕೇವಿ, ಯಾರೂ ಮುಟ್ಟಬಾರದು ಅಂತ.” ಆ ಕಡೆ ಏನೋ ಕೇಳಿರಬೇಕು. “ಏನಂತ ಹಾಕೇವಿ ಅಂತ ಫೋನಿನಾಗ ಹೇಳೂದು ಸರಿಯಲ್ರಿ,” ಎಂದ ಗಂಭೀರವಾಗಿ.

ಅದು ಅವನಿಗೂ ಇನ್ನೂ ಗೊತ್ತಿರಲಿಲ್ಲ.