ಮೂಗಿನ ಕಡೆಯ ಕತ್ತಲೆ

ಆರಿತು — ಇಲ್ಲ, ಇದೆ, ಮತ್ತೆ ಹೊತ್ತಿಕೊಂಡಿತು, ಸಾಸಿವೆಕಾಳಿನಷ್ಟು ಬೆಳಕು, ಮಾಯವಾದ ಜಾಗದಿಂದ ಒಂದಿಷ್ಟು ಆಚೆ, ಏನೂ ಆಗಿಲ್ಲವೆಂಬಂತೆ ತನ್ನ ಪಾಡಿಗೆ ತಾನು ಸಾಗುತ್ತಿದೆ, ಈಗ ಎನ್ನುತ್ತೇನೆ, ತಮ್ಮ ಗಡಿಯಾರದ ಗುಂಡಿ ಒತ್ತುತ್ತಾನೆ, ಕಲ್ಲು ಇನ್ನೊಂದು ನಕ್ಷತ್ರದ ಪಕ್ಕ ಹಾಯಿತು, ಕಲ್ಲು ಎಂದೇ ನಾವು ಕರೆಯುವುದು, ಪೇಪರಿನವರಿಗೆ ಅದು ಕ್ಷುದ್ರಗ್ರಹ, ಭೂಮಿಯ ಮಗ್ಗುಲಲ್ಲೇ ಹಾದುಹೋಗುವ ಗಂಡಾಂತರ, ಆಕಾಶ ನೋಡುವ ನಮ್ಮ ಕೂಟದವರಿಗೆ ಬರೀ ಕಲ್ಲು, ಊರೂರಿನ ಮಾಳಿಗೆಗಳ ಮೇಲೆ ನನ್ನಂಥವರು ಟೆಲಿಸ್ಕೋಪಿಗೆ ಕಣ್ಣು ಕೊಟ್ಟು ಕೂತಿದ್ದಾರೆ, ಯಾವ ನಕ್ಷತ್ರದ ಪಕ್ಕ ಯಾವ ಕ್ಷಣಕ್ಕೆ ಹಾಯಿತೆಂದು ಎಲ್ಲರೂ ಹೇಳಿದರೆ ಅದರ ದಾರಿಯ ಲೆಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ ನಮ್ಮ ಕೆಲಸ, ಆದರೆ ಆರಿತಲ್ಲ, ಯಾಕೆ ಆರಿತು, ಕೆಳಗಿನ ಮನೆಯಲ್ಲಿ ಯಾರೋ ಮಗುವಿಗೆ ಮಗ್ಗಿ ಹೇಳಿಸುತ್ತಿದ್ದಾರೆ, ಏಳರ ಮಗ್ಗಿಯಲ್ಲಿ ಅದು ಮುಗ್ಗರಿಸುತ್ತಿದೆ, ಟಕ್, ಕತ್ತಿನ ದಾರದಲ್ಲಿ ತೂಗುವ ವ್ಯಾನಿನ ಕೀಲಿ ಟೆಲಿಸ್ಕೋಪಿಗೆ ಬಡಿದು ಚುಕ್ಕೆಗಳೆಲ್ಲ ನಡುಗಿದವು, ಅಕ್ಕಾ ಆ ಕೀ ತೆಗೆದಿಡೇ, ಎಷ್ಟು ಸಲ ಹೇಳೋದು, ಎನ್ನುತ್ತಾನೆ ತಮ್ಮ, ತೆಗೆಯುವುದಿಲ್ಲ ಹೋಗೋ, ವ್ಯಾನು ಕೊಂಡ ದಿನದಿಂದ ಅದು ಅಲ್ಲೇ ಇದೆ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಮನೆಗೆ ಮುಟ್ಟಿಸುವುದು, ಅದರಿಂದಲೇ ಈ ಮನೆಯ ಒಲೆ ಉರಿಯುವುದು, ಅಮ್ಮನ ಮಾತ್ರೆ, ಇವನ ಓದು, ಈ ಟೆಲಿಸ್ಕೋಪು ಕೂಡ ಆ ವ್ಯಾನು ತಂದುಕೊಟ್ಟದ್ದೇ, ಮಕ್ಕಳಿಗಂತೂ ವಾರದಿಂದ ಈ ಕಲ್ಲಿನದೇ ಧ್ಯಾನ, ಆಂಟೀ ಅದು ನಮ್ಮ ವ್ಯಾನ್ ಮೇಲೆ ಬಿದ್ರೆ, ಬೀಳಲ್ಲ ಕಣ್ರೋ, ಎಲ್ಲಿ ಹೋಗುತ್ತೆ ಅಂತ ಲೆಕ್ಕ ಸಿಕ್ಕಿದೆ, ಆಗ ಗುಬ್ಬಿ, ಎಲ್ಲರಿಗಿಂತ ಚಿಕ್ಕದು, ತನ್ನಷ್ಟೇ ದೊಡ್ಡ ಹಳದಿ ಚೀಲ ಹೊತ್ತು ಬರುವುದು, ನನ್ನ ಸೀಟಿನ ಹಿಂದೆಯೇ ಕೂತು ಕೇಳಿತು, ಕಾಣದೇ ಇರೋ ಕಲ್ಲು ಬಂದ್ರೆ ಆಂಟೀ, ನಾನು ನಕ್ಕೆ, ಕಾಣದೇ ಹೇಗೆ ಬರುತ್ತೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋಕೆ ನಾವಿಲ್ವಾ ಎಂದೆ.

ಮಸುಕಾದದ್ದನ್ನು ನೇರವಾಗಿ ನೋಡಬಾರದು, ಪಕ್ಕದಲ್ಲಿರುವುದನ್ನು ನೋಡಬೇಕು, ಆಗ ಅದು ಕಣ್ಣಂಚಿನಲ್ಲಿ ತಾನಾಗಿ ತೋರುತ್ತದೆ, ಓರೆನೋಟ, ಮೇಷ್ಟ್ರು ನನಗೆ ಮೊದಲು ಕಲಿಸಿದ್ದೇ ಅದು, ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಈ ಕೂಟ ಕಟ್ಟಿದವರು, ನಾನು ಅದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಅಕ್ಕ ಜಗಳ ಆಡೋವಾಗ್ಲೂ ಪಕ್ಕದವರನ್ನ ನೋಡ್ಕೊಂಡು ನಮ್ಮನ್ನ ಬೈತಾಳೆ ಎಂದು ತಮ್ಮ ಎಲ್ಲರ ಮುಂದೆ ಹಾಸ್ಯ ಮಾಡುತ್ತಾನೆ, ಮಾಡಲಿ, ಈಗಲೂ ನಡುವಿನ ದೊಡ್ಡ ನಕ್ಷತ್ರದ ಮೇಲೆ ಬಲಗಣ್ಣು ನೆಟ್ಟಿದ್ದೇನೆ, ಕಲ್ಲು ಅಂಚಿನಲ್ಲಿ ನಡೆಯುತ್ತಿದೆ, ಫೋನು ಬಂತು, ಮೇಷ್ಟ್ರು, ತಮ್ಮ ನನ್ನ ಕಿವಿಗೆ ಹಿಡಿದ, ನಡುವೆ ಸ್ವಲ್ಪ ಹೊತ್ತು ಆರಿಹೋಯಿತು ಸಾರ್ ಎಂದೆ, ಅವರಿಗೆ ಖುಷಿಯೋ ಖುಷಿ, ಕಲ್ಲು ಉರುಳಿಕೊಂಡು ಹೋಗುತ್ತಿರಬೇಕು, ಅದರ ಒಂದು ಮಗ್ಗುಲು ಕಪ್ಪಿರಬೇಕು, ಎಲ್ಲರನ್ನೂ ಕೇಳುತ್ತೇನೆ ಎಂದು ಇಟ್ಟರು, ನನಗೂ ಖುಷಿ, ಯಾರಿಗೂ ಕಾಣದ್ದು ನನಗೆ ಕಂಡಿತಲ್ಲ, ಟೆಲಿಸ್ಕೋಪನ್ನು ಕಲ್ಲಿನ ದಾರಿಯಲ್ಲಿ ಮುಂದಕ್ಕೆ ಸರಿಸಿದೆ, ಹೊಸ ನಕ್ಷತ್ರಗಳು, ನಡುವಿನ ಒಂದನ್ನು ಹಿಡಿದುಕೊಂಡೆ, ಬಂತು, ಮೂಗಿನ ಕಡೆಯಿಂದ ಒಳಕ್ಕೆ ಬಂತು, ನಡೆಯಿತು, ಆರಿತು, ಮನಸ್ಸಿನಲ್ಲೇ ಎಣಿಸಿದೆ, ಮತ್ತೆ ಹೊತ್ತಿತು, ಅಂಚಿಗೂ ನಡುವಿಗೂ ಮಧ್ಯೆ, ಹೋದ ಸಲ ಆರಿದ್ದೂ ಅಲ್ಲೇ ಅಲ್ಲವೇ, ಆಕಾಶ ಬದಲಾಯಿಸಿದೆ, ಆರುವ ಜಾಗ ಬದಲಾಗಲಿಲ್ಲ, ಮತ್ತೆ ಫೋನು, ಮೇಷ್ಟ್ರ ದನಿಯಲ್ಲಿ ಮೊದಲಿನ ಉತ್ಸಾಹವಿಲ್ಲ, ಎಲ್ಲರನ್ನೂ ಕೇಳಿದೆ ಕಣಮ್ಮಾ, ಯಾರಿಗೂ ಆರಿಲ್ಲ, ಒಂದೇ ಸಮ ಕಂಡಿದೆ, ನಿನಗೊಬ್ಬಳಿಗೇ ಯಾಕೆ ಹಾಗಾಯ್ತು, ಕಣ್ಣಲ್ಲಿ ನೀರು ಬಂತೇನೋ ನೋಡ್ಕೋ.

ನೀರು ಬಂದಿರಲಿಲ್ಲ. ಕಲ್ಲಾದರೆ ಉರುಳಬಹುದು, ಆರಬಹುದು, ನಕ್ಷತ್ರ ಆರುವುದಿಲ್ಲ, ಅದೊಂದು ನೋಡಿಬಿಡೋಣ, ಕಲ್ಲನ್ನು ಅದರ ಪಾಡಿಗೆ ಬಿಟ್ಟೆ, ಕಣ್ಣನ್ನು ಗಾಜಿನ ನಟ್ಟನಡುವೆ ನೆಟ್ಟುಕೊಂಡೇ ಟೆಲಿಸ್ಕೋಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದೆ, ಅಂಚಿನಲ್ಲಿ ಒಂದು ನಕ್ಷತ್ರ ಇದೆ, ಒಳ್ಳೆ ಪ್ರಕಾಶವಾದದ್ದೇ, ನನಗೆ ವರ್ಷಗಳಿಂದ ಪರಿಚಯ, ಅದು ಮೂಗಿನ ಕಡೆಯ ಆ ಜಾಗಕ್ಕೆ ಬಂತು, ಆರಿತು, ನೇರವಾಗಿ ನೋಡಿದೆ, ಇದೆ, ಮತ್ತೆ ನಡುವನ್ನು ನೋಡಿದೆ, ಇಲ್ಲ, ತಮ್ಮ ಏನೋ ಕೇಳುತ್ತಿದ್ದಾನೆ, ಕಾಫಿ ಮಾಡ್ಕೊಂಡು ಬರ್ಲಾ ಎಂದಿರಬೇಕು, ಮೇಷ್ಟ್ರು ಕೂಟದ ಮೊದಲ ದಿನ ಎಲ್ಲರಿಗೂ ಒಂದೊಂದು ಕಾಗದ ಕೊಟ್ಟಿದ್ದರು, ಎರಡು ಚುಕ್ಕೆ ಬಿಡಿಸಿದ್ದು, ಒಂದು ಕಣ್ಣು ಮುಚ್ಚಿ, ಒಂದು ಚುಕ್ಕೆ ದಿಟ್ಟಿಸುತ್ತಾ ಕಾಗದವನ್ನು ಹತ್ತಿರ ತಂದರೆ ಇನ್ನೊಂದು ಮಾಯ, ನಾವೆಲ್ಲ ಮಕ್ಕಳ ಹಾಗೆ ಮತ್ತೆ ಮತ್ತೆ ಮಾಡಿ ನಕ್ಕೆವು, ಎಲ್ಲರ ಕಣ್ಣಲ್ಲೂ ಒಂದು ತೂತು ಇರುತ್ತೆ, ಕಿವಿಯ ಕಡೆಗೆ, ಹೆದರಬೇಡಿ, ಎಡಗಣ್ಣಿನ ತೂತನ್ನ ಬಲಗಣ್ಣು ಮುಚ್ಚುತ್ತೆ, ಬಲಗಣ್ಣಿನದನ್ನ ಎಡಗಣ್ಣು, ಅಂದಿದ್ದರು, ಕಿವಿಯ ಕಡೆಗೆ ಅಂದಿದ್ದರು, ಇದು ಮೂಗಿನ ಕಡೆಗಿದೆ, ಇದು ಎಲ್ಲರದಲ್ಲ, ನನ್ನದು, ಯಾವಾಗ ಬಂತು ಗೊತ್ತಿಲ್ಲ, ನೋವಿಲ್ಲ, ಕಪ್ಪು ಕಾಣುವುದೂ ಇಲ್ಲ, ಕಾಣದಿರುವುದು ಕಾಣುವುದೇ ಇಲ್ಲ, ಮತ್ತೆ ನಾನು ಎಲ್ಲವನ್ನೂ ಓರೆಯಾಗಿಯೇ ನೋಡಿ ಅಭ್ಯಾಸವಾದವಳು, ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆಯಿಂದ ಹಿಡಿಯುತ್ತೇನೆ, ತಿಳಿಯುವುದಾದರೂ ಹೇಗೆ — ಬಲಗಣ್ಣಿಗೆ ಮೂಗಿನ ಕಡೆ ಎಂದರೆ ಎಡಕ್ಕೆ, ಎಡಗಣ್ಣಿನ ತೂತು ಕಿವಿಯ ಕಡೆ, ಅದೂ ಎಡಕ್ಕೆ, ಅದನ್ನು ಮುಚ್ಚಬೇಕಾದ ಬಲಗಣ್ಣು ಅದೇ ಜಾಗದಲ್ಲಿ ಕುರುಡು, ಎರಡೂ ಕಣ್ಣು ತೆರೆದಿದ್ದರೂ ಎಡಕ್ಕೆ ಒಂದು ಕಡೆ ಏನೂ ಇಲ್ಲ, ಎಡಗೈ ತಾಗಿ ಬಿದ್ದ ಹಾಲಿನ ಲೋಟ, ತಮ್ಮನನ್ನೇ ಬೈದೆ, ಕಂಬಕ್ಕೆ ಉಜ್ಜಿದ ವ್ಯಾನಿನ ಎಡಗನ್ನಡಿ, ಕಂಬ ನೆಟ್ಟವರನ್ನು ಬೈದೆ, ಇವತ್ತು ಬೆಳಿಗ್ಗೆ, ಬೇಡ, ಅದು ಬೇಡ.

ಇವತ್ತು ಬೆಳಿಗ್ಗೆ ಬೀದಿಯ ತುದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಅದರ ಮೇಲೆ ಕಣ್ಣು ನೆಟ್ಟು ನಿಧಾನವಾಗಿ ವ್ಯಾನನ್ನು ಎಡಕ್ಕೆ ಒತ್ತುತ್ತಿದ್ದೆ, ಹಸಿರು ಗೇಟಿನ ಹತ್ತಿರ ಗುಬ್ಬಿ ಹತ್ತಬೇಕು, ಗೇಟು ಕಂಡಿತು, ಗೋಡೆ ಕಂಡಿತು, ಗೋಡೆಯ ಮೇಲಿನ ಬೆಕ್ಕು ಕೂಡ ಕಂಡಿತು, ಹಿಂದಿನ ಮಕ್ಕಳೆಲ್ಲ ಒಮ್ಮೆಗೇ ಕೂಗಿಕೊಂಡವು, ಬ್ರೇಕು ಒತ್ತಿದೆ, ಗಾಜಿನ ಕೆಳಗೆ ಹಳದಿ ಚೀಲ, ಬಂಪರಿಗೂ ಅದಕ್ಕೂ ಗೇಣು ಜಾಗ, ಇಳಿದು ಹೋಗಿ ಬಾಯಿಗೆ ಬಂದಂತೆ ಬೈದೆ, ಹೀಗೆ ಓಡಿ ಬರ್ತಾರಾ, ಕಣ್ಣು ಕಾಣಲ್ವಾ ನಿನಗೆ ಎಂದೆ, ಅಯ್ಯೋ ನಾನೇ ಹಾಗೆಂದೆ, ಅದು ಚೀಲದ ಪಟ್ಟಿ ಹಿಡಿದುಕೊಂಡು ಹೇಳಿತು, ನಾನು ನಿಂತಲ್ಲೇ ಇದ್ದೆ ಆಂಟೀ, ಸುಳ್ಳು ಬೇರೆ ಹೇಳ್ತೀಯಾ ಎಂದು ಇನ್ನಷ್ಟು ಬೈದೆ, ದಾರಿಯುದ್ದಕ್ಕೂ ಅತ್ತಿತು, ಮಕ್ಕಳು ಕೂಗದಿದ್ದರೆ, ಕೂಗದ ಬೆಳಿಗ್ಗೆಗಳು ಎಷ್ಟು ಹೋದವೋ, ಆ ಗೇಟುಗಳ ಮುಂದೆಲ್ಲ ಯಾರು ಯಾರು ನಿಂತಿದ್ದರೋ, ನನಗೆ ಬರೀ ಗೋಡೆ ಕಂಡಿತ್ತು. ಅಕ್ಕಾ, ಮೇಷ್ಟ್ರು ಕೇಳ್ತಿದ್ದಾರೆ, ಏನಂತ ಕಳಿಸ್ಲಿ ಎನ್ನುತ್ತಾನೆ ತಮ್ಮ, ನೀರು ಬಂದಿತ್ತು ಅಂತ ಕಳಿಸು ಎಂದರೆ ಮುಗಿಯಿತು, ಮೇಷ್ಟ್ರು ನಂಬುತ್ತಾರೆ, ನಾಳೆಯಿಂದ ಕತ್ತು ತಿರುಗಿಸಿ ತಿರುಗಿಸಿ ಓಡಿಸಿದರಾಯಿತು, ಎಷ್ಟು ಜನ ಓಡಿಸುವುದಿಲ್ಲ, ವ್ಯಾನು ನಿಂತರೆ ಒಲೆ ನಿಲ್ಲುತ್ತದೆ, ಇವನ ಓದು ನಿಲ್ಲುತ್ತದೆ, ಬೇರೆ ಕೆಲಸ ನನಗೆ ಬರುವುದಿಲ್ಲ, ಕತ್ತು ತಿರುಗಿಸಿದರೆ ತೂತೂ ಜೊತೆಗೇ ತಿರುಗುತ್ತದಲ್ಲ — ಕಲ್ಲು ಮನೆಗಳ ಹಿಂದೆ ಇಳಿದುಹೋಯಿತು, ಭೂಮಿಗೆ ಏನೂ ಆಗಲಿಲ್ಲ, ಕೆಳಗೆ ಮಗು ಏಳರ ಮಗ್ಗಿಯನ್ನು ಮೊದಲಿಂದ ಶುರುಮಾಡಿದೆ, ಕಲ್ಲು ಎಲ್ಲರಿಗೂ ಇತ್ತು, ನನ್ನ ಕಣ್ಣಿಗೆ ಇರಲಿಲ್ಲ, ಹಾಗಂತ ಕಳಿಸು ಎಂದೆ, ಕತ್ತಿನ ದಾರ ಬಿಚ್ಚಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟೆ, ಅವನು ನಗುತ್ತಾನೆ, ಈಗ ತೆಗೆದ್ಯಾ, ಎಲ್ಲಾ ಮುಗಿದ್ಮೇಲೆ, ಕತ್ತು ಹಗುರವಾಗಿ ಒಂಥರಾ ಚಳಿ, ಕಣ್ಣು ಮುಚ್ಚಿದೆ, ಹಸಿರು ಗೇಟು, ಗೋಡೆ, ಬೆಕ್ಕು, ಗೋಡೆಯ ಮುಂದೆ ಹಳದಿ ಚೀಲ, ನಿಂತಲ್ಲೇ ಇದ್ದೆ ಆಂಟೀ, ಹಳದಿ ಚೀಲ ಇದೆ, ಇಲ್ಲ, ಗೇಟು, ಗೋಡೆ, ಬೆಕ್ಕು, ಇದೆ, ಇಲ್ಲ, ಗೋಡೆ, ಬೆಕ್ಕು, ಇಲ್ಲ —