ರೊಟ್ಟಿ ಅಕ್ಕನ ಬಟನ್ ಫೋನ್

ನಾನು ಒಂದು ಬಟನ್ ಫೋನ್. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದ ದೊಡ್ಡ ಪರದೆಯವರು ಆಟ, ಸಿನಿಮಾ ಎಲ್ಲ ಕಲಿತು ಹೊರಟರು. ನನಗೆ ಮಾತು ಸಾಗಿಸುವುದೊಂದೇ ಗೊತ್ತು. ಚಾರ್ಜು ಮಾತ್ರ ವಾರವಾದರೂ ಇಳಿಯದು!

ಹುಬ್ಬಳ್ಳಿಯ ಶಾಂತವ್ವ ನನ್ನನ್ನು ಕೊಂಡಳು. ಆಕೆ ಜೋಳದ ರೊಟ್ಟಿ ಬಡಿದು ಮಾರುವವಳು. ಹಿಟ್ಟಿನ ಕೈಯಲ್ಲೇ ಒತ್ತುತ್ತಿದ್ದಳು. ಪೌಡರ್ ಹಚ್ಚಿಕೊಂಡಂತೆ ನನಗೂ ಹಿತವಾಗಿತ್ತು.

ಗದಗಿನಲ್ಲಿ ಟೇಲರ್ ಆಗಿದ್ದ ಅವಳ ತಮ್ಮ ವಿರೂಪಾಕ್ಷಿ, ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುವ ಚಟಕ್ಕೆ ಬಿದ್ದ. ಸೋತದ್ದನ್ನು ಗೆಲ್ಲಲು ಮತ್ತೆ ಆಡಿದ, ಮತ್ತೆ ಸೋತ. ನಿದ್ದೆ ಹೋಯಿತು. ಕತ್ತರಿಸಿದ ಬಟ್ಟೆಯ ಅಳತೆ ತಪ್ಪತೊಡಗಿತು. ಹೆಂಡತಿ ಕಸ್ತೂರಿ ಆ ಫೋನನ್ನು ಕಿತ್ತಿಟ್ಟಳು. ಶಾಂತವ್ವ ನನ್ನನ್ನು ತಂದು ಅವನಿಗೆ ಕೊಟ್ಟಳು.

"ಇದರಾಗ ಆಡಾಕ ಏನೂ ಇಲ್ಲ ತಮ್ಮಾ. ನಾ ಮಗಳ ಫೋನಿನಾಗ ಸಿಗ್ತೀನಿ."

ಗಡಿಬಿಡಿಯಲ್ಲಿ ಸಿಮ್ ತೆಗೆಯಲು ಮರೆತಳು. ಇನ್ನೇನು, ಅವಳ ಗಿರಾಕಿಗಳೆಲ್ಲ ಟೇಲರಿಗೆ ಗಂಟುಬಿದ್ದರು.

"ಅಕ್ಕಾರ, ಸೋಮವಾರಕ್ಕ ನೂರು ಖಡಕ್ ರೊಟ್ಟಿ!"

"ನಾ ಅಕ್ಕ ಅಲ್ರೀ, ತಮ್ಮ."

"ಯಾರರ ಇರ್ರಿ, ರೊಟ್ಟಿ ತೆಳ್ಳಗಿರ್ಲಿ!"

ಒಂದು ಮಧ್ಯಾಹ್ನ ಅವನು ಅಂಗಡಿ ಬಾಗಿಲು ಎಳೆದುಕೊಂಡು ಒಳಗೆ ಒಬ್ಬನೇ ಕುಳಿತ. ಸಾಯುವ ಯೋಚನೆ ಅವನನ್ನು ಹಿಡಿದಿತ್ತು. ಜೇಬಿನಲ್ಲಿದ್ದ ನನಗೆ ಅವನ ಎದೆಬಡಿತ ಕೇಳುತ್ತಿತ್ತು. ಅಷ್ಟರಲ್ಲಿ ನಾನು ಕೂಗಿಕೊಂಡೆ. ಯಾರದೋ ಮನೆಯ ತೊಟ್ಟಿಲು ಕಾರ್ಯಕ್ಕೆ ರೊಟ್ಟಿ ಬೇಕಂತೆ. ಅಕ್ಕನ ಆರ್ಡರ್ ತಪ್ಪಬಾರದೆಂದು ಅವಳಿಗೆ ಫೋನ್ ಮಾಡಿದ. ಅವಳ ದನಿ ಕೇಳಿದ್ದೇ ತಡ, ರೊಟ್ಟಿ ಮರೆತೇಹೋಯಿತು.

"ಅಕ್ಕಾ, ಇರೂದ ಬ್ಯಾಡ ಅನ್ಸಾಕತ್ತೇತಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೇಳಿದ್ದು ಚಲೋ ಮಾಡ್ದಿ. ಫೋನ್ ಇಡಬ್ಯಾಡ."

ಅವಳು ಮಗಳನ್ನು ಪಕ್ಕದ ಮನೆಗೆ ಓಡಿಸಿ, ಅಲ್ಲಿನ ಫೋನಿನಿಂದ ಕಸ್ತೂರಿಗೆ ಸುದ್ದಿ ಮುಟ್ಟಿಸಿದಳು. ಕಸ್ತೂರಿ ಓಡಿ ಬರುವವರೆಗೂ ತಮ್ಮನ ಜೊತೆ ಮಾತಾಡುತ್ತಲೇ ಇದ್ದಳು.

ಮರುದಿನ ಕಸ್ತೂರಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಹೇಳಿದರು: "ಜೂಜಿನ ಚಟಾನೂ ಬ್ಯಾನಿನ, ಈ ಸಂಕಟಾನೂ ಬ್ಯಾನಿನ. ಎರಡಕ್ಕೂ ಮದ್ದು ಐತಿ. ಮನಸ್ಸು ಎಳದಾಗ ಒಬ್ರ ಕುಂದರಬ್ಯಾಡ್ರಿ, ಯಾರಿಗರ ಫೋನ್ ಹಚ್ರಿ."

ನಡುವೆ ಒಮ್ಮೆ ಗಿರಾಕಿಯ ಫೋನು ಇಸಿದುಕೊಂಡು ಆಡಿ ಜಾರಿದ. ಅದನ್ನೂ ಅಕ್ಕನಿಗೆ ತಾನೇ ಹೇಳಿದ. ಅವಳು ಚೆನ್ನಾಗಿ ಬೈದಳು, ಆಮೇಲೆ ಶೇಂಗಾ ಚಟ್ನಿ ಕಳಿಸಿದಳು.

ಈಗ ನನಗೆ ಮುಪ್ಪು. ಅಂಕಿಗಳು ಸವೆದಿವೆ, ಬೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ಅವನ ಚಟ ಪೂರ್ತಿ ಹೋಗಿದೆಯೇ? ನನಗೆ ತಿಳಿಯದು. ಆ ಸೆಳೆತ ಬಂದಾಗ ಅವನು ಬಚ್ಚಿಡುವುದಿಲ್ಲ, ಅಷ್ಟು ಬಲ್ಲೆ.

ನಿನ್ನೆ ಸಂಜೆ ಕಸ್ತೂರಿಗೆ ಫೋನ್ ಹಚ್ಚಿದ. "ಇವತ್ತ ಮತ್ತ ಮನಸ್ಸು ಎಳ್ಯಾಕತ್ತೇತಿ."

"ಚಾಕ್ಕ ಇಟ್ಟೀನಿ. ಮಾತಾಡ್ಕೋತ ಮನಿಗೆ ಬರ್ರಿ."

ಅವನು ಅಂಗಡಿಗೆ ಬೀಗ ಹಾಕಿ, ನನ್ನನ್ನು ಕಿವಿಗೆ ಒತ್ತಿಕೊಂಡು ಹೊರಟ. ಹಾಲು ಒಡೆದದ್ದು, ಪಕ್ಕದವರ ಬೆಕ್ಕು ಮರಿ ಹಾಕಿದ್ದು, ಎಲ್ಲವೂ ಮಾತಿನಲ್ಲಿ ಬಂದುಹೋಯಿತು. ಮನೆಯ ಹೊಸ್ತಿಲಲ್ಲಿ ಎದುರಾಬದುರು ನಿಂತ ಮೇಲೂ ಇಬ್ಬರೂ ಫೋನಿನಲ್ಲೇ ಮಾತಾಡುತ್ತಿದ್ದರು.